ಎಸಿ ಹಾಕಿದಾಗಿನ ಮೈಲೇಜ್ ಬರೆಯಿರಿ: ರಸ್ತೆ ಸಾರಿಗೆ ಸಚಿವಾಲಯಕ್ಕೆ ಬಹಿರಂಗ ಪತ್ರ

ಗೆ,
ಕಾರ್ಯದರ್ಶಿಗಳು,
ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ,
ನವದೆಹಲಿ

ವಿಷಯ: ಕುಟುಂಬ ಬಳಕೆಯ ಎಸ್‌ಯುವಿಗಳ ಪ್ರಮಾಣಿತ ಮೈಲೇಜಿಗೂ ರಸ್ತೆಯಲ್ಲಿ ಸಿಗುವ ಮೈಲೇಜಿಗೂ ಇರುವ ಅಂತರ

ಮಾನ್ಯರೇ,

ಕಾರು ನೋಡಲು ಶೋರೂಮಿಗೆ ಹೋದವರು ಬೆಲೆ ಕೇಳಿದ ಮೇಲೆ ಕೇಳುವ ಎರಡನೇ ಪ್ರಶ್ನೆ ‘ಮೈಲೇಜ್ ಎಷ್ಟು ಬರುತ್ತೆ?’ ಎಂಬುದು. ಉತ್ತರ ಬ್ರೋಷರಿನಲ್ಲೇ ಇರುತ್ತದೆ. ಹ್ಯುಂಡೈ ಕ್ರೆಟಾದ 1.5 ಲೀಟರ್ ಪೆಟ್ರೋಲ್ ಮ್ಯಾನುಯಲ್‌ಗೆ ಲೀಟರಿಗೆ 17.4 ಕಿ.ಮೀ., ಅದರ ಡೀಸೆಲ್ ಮ್ಯಾನುಯಲ್‌ಗೆ 21.8, ಹೋಂಡಾ ಎಲಿವೇಟ್ ಮ್ಯಾನುಯಲ್‌ಗೆ 15.31, ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗೆ (ಪೆಟ್ರೋಲ್ ಎಂಜಿನ್ ಜತೆ ವಿದ್ಯುತ್ ಮೋಟಾರೂ ಇರುವುದು) 27.97. ಪಕ್ಕದಲ್ಲೊಂದು ನಕ್ಷತ್ರ ಚಿಹ್ನೆ. ಪುಟದ ತಳದಲ್ಲಿ ಸಾಸಿವೆಯಷ್ಟು ಚಿಕ್ಕ ಅಕ್ಷರದಲ್ಲಿ, ‘ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 115ನೇ ನಿಯಮದಡಿ ಪ್ರಮಾಣಿತ ಪರೀಕ್ಷಾ ಸ್ಥಿತಿಯಲ್ಲಿ’ ಎಂಬ ಒಂದು ಸಾಲು.

ಅದೇ ಪೆಟ್ರೋಲ್ ಗಾಡಿಯನ್ನು ಬೆಂಗಳೂರಿನಲ್ಲಿ ಎಸಿ ಹಾಕಿಕೊಂಡು ದಿನಾ ಆಫೀಸಿಗೆ ಓಡಿಸಿದರೆ ಸಾಮಾನ್ಯವಾಗಿ ಸಿಗುವುದು 10, 11. ಟ್ರಾಫಿಕ್ ಕೆಟ್ಟ ದಿನ 9. ಮೊದಲ ಸರ್ವಿಸ್‌ಗೆ ಬರುವ ಮಾಲೀಕರು ಹೇಳುವ ಮೊದಲ ದೂರೇ ಇದು. ಗಾಡಿಯಲ್ಲೇನೋ ತೊಂದರೆ ಇದೆ ಎಂದುಕೊಂಡು ಇಂಜೆಕ್ಟರ್ ಕ್ಲೀನಿಂಗ್‌ಗೆ, ಟ್ಯಾಂಕಿಗೆ ಸುರಿಯುವ ಅಡಿಟಿವ್ ಬಾಟಲಿಗೆ, ದುಬಾರಿ ಪೆಟ್ರೋಲಿಗೆ ದುಡ್ಡು ಸುರಿಯುತ್ತಾರೆ. ಬಹುಪಾಲು ಗಾಡಿಗಳಲ್ಲಿ ತೊಂದರೆ ಏನೂ ಇರುವುದಿಲ್ಲ. ಬ್ರೋಷರಿನ ಅಂಕಿಯೂ ಸುಳ್ಳಲ್ಲ. ವಾಹನ ಪರೀಕ್ಷಾ ಕೇಂದ್ರಗಳಾದ ಪುಣೆಯ ಎಆರ್‌ಎಐನಲ್ಲೋ ಮಾನೇಸರದ ಐಕ್ಯಾಟ್‌ನಲ್ಲೋ ನಿಯಮದ ಪ್ರಕಾರವೇ ಅಳೆದದ್ದು ಅದು. ಆದರೆ ಗಾಡಿ ಕೊಳ್ಳುವವರು ಕೇಳಿದ್ದು ಒಂದು, ಆ ಅಂಕಿ ಹೇಳುವುದು ಇನ್ನೊಂದು. ಕೇಳಿದ್ದಕ್ಕೆ ಸರಿಯಾದ ಉತ್ತರವೂ ಬಹುಪಾಲು ಆಗಲೇ ಅಳೆದಾಗಿದೆ, ಜನರ ಕೈಗೆ ಬಂದಿಲ್ಲ ಅಷ್ಟೇ. ಅದನ್ನು ಕೊಡಿಸಿ ಎಂದು ಕೇಳುವುದಕ್ಕೇ ಈ ಪತ್ರ.

ಮೊದಲು ಪರೀಕ್ಷೆಯ ವಿಚಾರ, ಓದುವ ಎಲ್ಲರಿಗೂ ತಿಳಿಯಲಿ ಎಂದು. ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್ ಎನ್ನುವ ಈ ಪರೀಕ್ಷೆ ನಡೆಯುವುದು ರಸ್ತೆಯ ಮೇಲಲ್ಲ. ಗಾಡಿಯನ್ನು ರೋಲರ್‌ಗಳ ಮೇಲೆ ನಿಲ್ಲಿಸಿ ಒಟ್ಟು 1,180 ಸೆಕೆಂಡ್, ಅಂದರೆ 20 ನಿಮಿಷಕ್ಕೂ ಕಡಿಮೆ, ಓಡಿಸುತ್ತಾರೆ. ಮೊದಲ ಭಾಗ ನಗರದ್ದು, 195 ಸೆಕೆಂಡಿನ ಒಂದೇ ತುಣುಕನ್ನು ನಾಲ್ಕು ಸಲ. ಎರಡನೆಯದು ಊರಾಚೆಯದು, 400 ಸೆಕೆಂಡ್, ಗರಿಷ್ಠ ವೇಗ 90 ಕಿ.ಮೀ. ಕೋಣೆಯ ಬಿಸಿ 20ರಿಂದ 30 ಡಿಗ್ರಿಯೊಳಗೆ. ಎಸಿ ಬಂದ್. ನಗರದ ಭಾಗದಲ್ಲಿ ಗಾಡಿ ನಿಂತಲ್ಲಿಂದ 50 ಕಿ.ಮೀ. ವೇಗ ಮುಟ್ಟಲು 26 ಸೆಕೆಂಡ್ ತೆಗೆದುಕೊಳ್ಳುತ್ತದೆ. ಹೆಬ್ಬಾಳದ ಸಿಗ್ನಲ್ ಹಸಿರಾದಾಗ ಹಾಗೆ ಹೊರಟರೆ ಹಿಂದಿನವರು ಹಾರ್ನ್‌ನಿಂದ ಕೈ ತೆಗೆಯುವುದಿಲ್ಲ.

ಇಲ್ಲೊಂದು ಮುಖ್ಯ ಸಂಗತಿ ಇದೆ. ಸಮಯದ ಲೆಕ್ಕದಲ್ಲಿ ನಗರದ ಭಾಗವೇ ದೊಡ್ಡದು, 1,180ರಲ್ಲಿ 780 ಸೆಕೆಂಡ್. ದೂರದ ಲೆಕ್ಕದಲ್ಲಿ ಅದು ನಾಲ್ಕೇ ಕಿಲೋಮೀಟರ್ ಚಿಲ್ಲರೆ, ಒಟ್ಟು ಓಟದ ಶೇ 40ಕ್ಕಿಂತ ಕಡಿಮೆ. ಮೈಲೇಜ್ ಲೆಕ್ಕ ಹಾಕುವುದು ದೂರದ ಮೇಲೆ. ಹಾಗಾಗಿ ಕೊನೆಗೆ ಬರುವ ಒಂದೇ ಅಂಕಿಯಲ್ಲಿ ಊರಾಚೆಯ ಹದವಾದ ಓಟದ್ದೇ ಮೇಲುಗೈ. ಇದೇ ಬಗೆಯ ಪರೀಕ್ಷಾ ಸೈಕಲ್ ಯುರೋಪಿನಲ್ಲಿ ಜಾರಿಯಲ್ಲಿದ್ದಾಗ ಅಲ್ಲಿ ನಗರದ್ದೊಂದು, ಊರಾಚೆಯದೊಂದು, ಎರಡೂ ಸೇರಿಸಿದ್ದೊಂದು ಎಂದು ಮೂರು ಅಂಕಿ ಅಚ್ಚು ಹಾಕುತ್ತಿದ್ದರು. ನಾವು ಸೈಕಲ್ ತಂದುಕೊಂಡೆವು, ಮೂರು ಅಂಕಿ ಬರೆಯುವ ಪದ್ಧತಿಯನ್ನು ಬಿಟ್ಟೆವು. ನಗರದ ಭಾಗವನ್ನು ಬೇರೆಯಾಗಿ ಪ್ರಕಟಿಸಲು ಹೊಸ ಯಂತ್ರ ಬೇಕಿಲ್ಲ, ಹೊಸ ಪರೀಕ್ಷೆಯೂ ಬೇಕಿಲ್ಲ. ಒಂದು ಆದೇಶ ಸಾಕು.

ಈಗ ರಸ್ತೆಗೆ ಬರೋಣ. ಸಿಲ್ಕ್ ಬೋರ್ಡ್ ಕಡೆಯಿಂದ ಹೊರ ವರ್ತುಲ ರಸ್ತೆಯಲ್ಲಿ ಸಂಜೆ 10 ಕಿ.ಮೀ. ಹೋಗಲು 50 ನಿಮಿಷ ಹಿಡಿಯಿತು ಎಂದುಕೊಳ್ಳಿ. ಅದರಲ್ಲಿ 20 ನಿಮಿಷ ನಿಂತಲ್ಲೇ. 1.5 ಲೀಟರ್ ಪೆಟ್ರೋಲ್ ಎಂಜಿನ್ ಎಸಿ ಇಲ್ಲದೆ ಸುಮ್ಮನೆ ಉರಿಯುತ್ತಾ ನಿಂತರೆ ಗಂಟೆಗೆ ಸುಮಾರು 0.7 ಲೀಟರ್ ಕುಡಿಯುತ್ತದೆ. 20 ನಿಮಿಷಕ್ಕೆ 230 ಎಂಎಲ್. ಉಳಿದ ಅರ್ಧ ಗಂಟೆ ನಿಲ್ಲುತ್ತಾ ಎಳೆಯುತ್ತಾ ಸಾಗಿದ 10 ಕಿ.ಮೀ.ಗೆ 570 ಎಂಎಲ್ ಹಿಡಿಯೋಣ. ಒಟ್ಟು 800 ಎಂಎಲ್, ಲೀಟರಿಗೆ 12.5 ಕಿ.ಮೀ. ಈಗ ಎಸಿ ಹಾಕಿ. ಬಿಸಿಲಿಗೆ ಕಾದ ಗಾಡಿಯಲ್ಲಿ ಕಂಪ್ರೆಸರ್ ಗಂಟೆಗೆ ಸುಮಾರು 0.3 ಲೀಟರ್ ಹೆಚ್ಚುವರಿ ಕೇಳುತ್ತದೆ. 50 ನಿಮಿಷಕ್ಕೆ 250 ಎಂಎಲ್. ಒಟ್ಟು 1,050 ಎಂಎಲ್, ಮೈಲೇಜ್ 9.5. ಗಾಡಿ ಅದೇ, ಚಾಲಕರು ಅವರೇ, ರಸ್ತೆಯೂ ಅದೇ. ಎಸಿ ಒಂದೇ 3 ಕಿ.ಮೀ. ಕಿತ್ತುಕೊಂಡಿತು.

ಅದೇ ಎಸಿ ಹೆದ್ದಾರಿಯಲ್ಲಿ 80ರ ವೇಗದಲ್ಲಿ 10 ಕಿ.ಮೀ.ಗೆ ಬೇಡುವುದು 40 ಎಂಎಲ್ ಮಾತ್ರ, ಏಕೆಂದರೆ ಆ ದೂರ ಏಳೂವರೆ ನಿಮಿಷದಲ್ಲಿ ಮುಗಿದುಹೋಗುತ್ತದೆ. ಎಸಿಯ ಖರ್ಚು ಕಿಲೋಮೀಟರಿನ ಲೆಕ್ಕದ್ದಲ್ಲ, ಗಂಟೆಯ ಲೆಕ್ಕದ್ದು. ಗಾಡಿ ನಿಧಾನವಾದಷ್ಟೂ ಅದರ ಭಾರ ಏರುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಈ 0.3 ಲೀಟರ್ ಇನ್ನೂ ಹೆಚ್ಚುತ್ತದೆ. ಎಸಿ ಇಲ್ಲದೆ ಮಕ್ಕಳನ್ನೂ ವಯಸ್ಸಾದವರನ್ನೂ ಕೂರಿಸಿಕೊಂಡು ಯಾರೂ ಹೋಗಲಾಗದ ದೇಶದಲ್ಲಿ ಎಸಿ ಬಂದ್ ಮಾಡಿ ಅಳೆದ ಅಂಕಿಯೊಂದನ್ನೇ ಮುಂದಿಡುವುದು ನ್ಯಾಯವಲ್ಲ. ಎಸಿ ಹಾಕಿಯೂ ಅಳೆಯಬೇಕೆಂಬ ಪ್ರಸ್ತಾಪ ತಮ್ಮ ಸಚಿವಾಲಯದ ಮುಂದೆಯೇ ಇದೆ. ಅದನ್ನು ಮನಸಾರೆ ಸ್ವಾಗತಿಸುತ್ತೇವೆ. ಒಂದೇ ಕೋರಿಕೆ: ಅಳೆಯುವಾಗ ಕೋಣೆಯ ಬಿಸಿ ಎಷ್ಟಿರಬೇಕು, ಬಿಸಿಲಿಗೆ ಬದಲಾಗಿ ದೀಪದ ಶಾಖ ಎಷ್ಟು ಎಂಬುದನ್ನು ಸಡಿಲ ಬಿಡಬೇಡಿ. ಅಮೆರಿಕದ ಎಸಿ ಪರೀಕ್ಷೆ ಸುಮಾರು 35 ಡಿಗ್ರಿಯಲ್ಲಿ, ಶೇ 40ರ ತೇವಾಂಶದಲ್ಲಿ, ಚದರ ಮೀಟರಿಗೆ 850 ವ್ಯಾಟ್ ಶಾಖದ ದೀಪಗಳ ಕೆಳಗೆ ನಡೆಯುತ್ತದೆ. 25 ಡಿಗ್ರಿಯ ತಂಪು ಕೋಣೆಯಲ್ಲಿ ಎಸಿ ಗುಂಡಿ ಒತ್ತಿ ಅಳೆದರೆ ಕಂಪ್ರೆಸರ್‌ಗೆ ಕೆಲಸವೇ ಇರುವುದಿಲ್ಲ. ನಮ್ಮ ಬಿಸಿಲಿಗೆ 35 ಡಿಗ್ರಿಯೂ ಕಡಿಮೆಯೇ.

ಹಂಪ್‌ಗಳ ಮಾತನ್ನೂ ಇಲ್ಲೇ ಹೇಳಬೇಕು. ಇದು ತಮ್ಮ ಸಚಿವಾಲಯಕ್ಕಿಂತ ಪಾಲಿಕೆಗಳಿಗೂ ಲೋಕೋಪಯೋಗಿ ಇಲಾಖೆಗೂ ತಲುಪಬೇಕಾದದ್ದು. ಜನ ಕೂತಾಗ 1,400 ಕೆ.ಜಿ. ತೂಗುವ ಗಾಡಿ 40ರ ವೇಗದಿಂದ 10ಕ್ಕೆ ಇಳಿದು ಮತ್ತೆ 40ಕ್ಕೆ ಏರಲು ಸುಮಾರು 80 ಕಿಲೋಜೂಲ್ ಶಕ್ತಿ ಬೇಕು. ಎಂಜಿನ್‌ನಲ್ಲಿ ಸುಟ್ಟದ್ದರ ಕಾಲು ಪಾಲು ಮಾತ್ರ ಚಕ್ರ ಮುಟ್ಟುತ್ತದೆ ಎಂದು ಹಿಡಿದರೆ ಒಂದು ಹಂಪ್‌ಗೆ ಹೆಚ್ಚುಕಡಿಮೆ 10 ಎಂಎಲ್ ಪೆಟ್ರೋಲ್. ನೂರು ಹಂಪ್ ದಾಟಿದರೆ ಒಂದು ಲೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ದಾಟುವಂಥದ್ದು. ಬಡಾವಣೆಗಳಲ್ಲಿ ಒಂದು ರಾತ್ರಿಯಲ್ಲಿ ಏಳುವ ಡಾಂಬರಿನ ಗುಡ್ಡೆಗಳನ್ನು ದಾಟಲು ಫಸ್ಟ್ ಗೇರಿಗೇ ಇಳಿಯಬೇಕು.

ಹೆದ್ದಾರಿಯಲ್ಲಿ ಕಥೆ ಬೇರೆ. ಅಲ್ಲಿ ವೈರಿ ಗಾಳಿ. ಸೆಡಾನ್‌ಗಿಂತ ಎತ್ತರವಾದ, ಮೂತಿ ಚಪ್ಪಟೆಯಾದ ಈ ಗಾಡಿಗಳು ಗಾಳಿಯನ್ನು ಸೀಳುವುದಿಲ್ಲ, ತಳ್ಳಿಕೊಂಡು ಹೋಗುತ್ತವೆ. ಈ ಗಾತ್ರದ ಗಾಡಿಯೊಂದನ್ನು ಸಮತಟ್ಟಾದ ರಸ್ತೆಯಲ್ಲಿ 80ರ ವೇಗದಲ್ಲಿ ಓಡಿಸಲು ಗಾಳಿ ಮತ್ತು ಟೈರಿನ ತಡೆ ಸೇರಿ ಸುಮಾರು 390 ನ್ಯೂಟನ್ ಬಲ ಬೇಕು. 100ಕ್ಕೆ 530. 120ಕ್ಕೆ 690. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿನ ವೇಗಮಿತಿಯೇ 100, ಪರೀಕ್ಷೆಯಲ್ಲಿ ಗರಿಷ್ಠ 90. ಕಾನೂನು ಮೀರದೆ ಓಡಿಸುವ ವೇಗವನ್ನೇ ಪರೀಕ್ಷೆ ಮುಟ್ಟುವುದಿಲ್ಲ. ಯುರೋಪಿನ ಈಗಿನ ಡಬ್ಲ್ಯುಎಲ್‌ಟಿಪಿ ಎಂಬ ಪರೀಕ್ಷಾ ಸೈಕಲ್ 1,800 ಸೆಕೆಂಡಿನದು, 23 ಕಿ.ಮೀ. ದೂರದ್ದು, ವೇಗ 131ರವರೆಗೆ ಹೋಗುತ್ತದೆ. ನಮಗೆ 131 ಬೇಡ, 100 ಇರಲಿ.

ಚಾವಣಿಯ ಮೇಲೆ ಖಾಲಿ ಕ್ಯಾರಿಯರ್ ಬಿಗಿದು ವರ್ಷವಿಡೀ ಓಡಿಸುವವರು ಒಂದು ಸಲ ಬಿಚ್ಚಿಟ್ಟು ಅಳೆದು ನೋಡಲಿ, ಹೆದ್ದಾರಿಯಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಶಿರಾಡಿ ಘಾಟಿಯ ಬುಡ ಗುಂಡ್ಯದಿಂದ ಸಕಲೇಶಪುರಕ್ಕೆ ಹತ್ತುವಾಗ ಮೀಟರ್ ಲೀಟರಿಗೆ 7, 8 ತೋರಿಸಿತೆಂದು ಗಾಬರಿಯಾಗುವವರಿಗೂ ಲೆಕ್ಕ ಇದೆ: ನಾಲ್ಕು ಜನ, ಸಾಮಾನು ಸೇರಿ 1,500 ಕೆ.ಜಿ.ಯನ್ನು 800 ಮೀಟರ್ ಮೇಲಕ್ಕೆತ್ತುವುದಕ್ಕೇ ಸುಮಾರು ಒಂದೂವರೆ ಲೀಟರ್ ಹೋಗುತ್ತದೆ. ಮುಂದಕ್ಕೆ ಸಾಗುವ ಖರ್ಚು ಅದರ ಮೇಲೆ. ಇಳಿಯುವಾಗ ಗೇರಿನಲ್ಲಿಟ್ಟು ಆಕ್ಸಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರ್‌ಗಳು ಪೂರ್ತಿ ಮುಚ್ಚಿ ಖರ್ಚು ಸೊನ್ನೆಯಾಗುತ್ತದೆ. ನ್ಯೂಟ್ರಲ್‌ಗೆ ಹಾಕಿ ಉರುಳಿಸಿದರೆ ಎಂಜಿನ್ ಉರಿಯುತ್ತಲೇ ಇರಲು ಪೆಟ್ರೋಲ್ ಬೇಕು, ಬ್ರೇಕೂ ಕಾಯುತ್ತದೆ. ಘಾಟಿಯಲ್ಲಿ ನ್ಯೂಟ್ರಲ್ ಉಳಿತಾಯವೂ ಅಲ್ಲ, ಕ್ಷೇಮವೂ ಅಲ್ಲ.

ಪೆಟ್ರೋಲಿನ ವಿಚಾರಕ್ಕೆ ಬಂದರೆ, ಶೇ 20 ಎಥೆನಾಲ್ ಬೆರೆತ ಪೆಟ್ರೋಲಾದ ಇ20ಯ ಚಿಲ್ಲರೆ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಲೀಟರ್ ಎಥೆನಾಲ್‌ನಲ್ಲಿ 21. ಶೇ 20 ಬೆರೆಸಿದಾಗ ಶಕ್ತಿ 30ರ ಆಸುಪಾಸಿಗೆ ಇಳಿಯುತ್ತದೆ, ಅಪ್ಪಟ ಪೆಟ್ರೋಲಿಗಿಂತ ಶೇ 7ರಷ್ಟು ಕಡಿಮೆ. ಎಥೆನಾಲ್‌ನ ಆಕ್ಟೇನ್, ಅಂದರೆ ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದಿರುವ ಗುಣ, ಹೆಚ್ಚು. ಅದಕ್ಕೆಂದೇ ಟ್ಯೂನ್ ಮಾಡಿದ ಎಂಜಿನ್ ಈ ನಷ್ಟದಲ್ಲಿ ಒಂದಿಷ್ಟನ್ನು ವಾಪಸು ಪಡೆಯುತ್ತದೆ, ಹಳೆಯದು ಪಡೆಯುವುದಿಲ್ಲ. ನೀತಿ ಆಯೋಗದ 2021ರ ಎಥೆನಾಲ್ ಮಾರ್ಗನಕ್ಷೆಯೇ, ಇ0ಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ಮೈಲೇಜ್ ಶೇ 6–7 ಇಳಿಯುತ್ತದೆ ಎಂದು ಬರೆದಿದೆ. ಮಂಡ್ಯ, ಬೆಳಗಾವಿಯ ಕಬ್ಬು ಬೆಳೆಗಾರರಿಗೆ ಎಥೆನಾಲ್‌ನಿಂದ ಆಸರೆ ಆಗುವುದಾದರೆ ಅದಕ್ಕೆ ನಮ್ಮ ತಕರಾರಿಲ್ಲ. ಪ್ರಮಾಣಪತ್ರದ ಮೈಲೇಜನ್ನು ಯಾವ ಇಂಧನದಲ್ಲಿ ಅಳೆದರು ಎಂಬುದನ್ನು ಬ್ರೋಷರಿನಲ್ಲೇ, ಅಂಕಿಯ ಪಕ್ಕದಲ್ಲೇ ಬರೆಸಿ. ಬಂಕಿನಲ್ಲಿ ಸಿಗುವುದು ಇ20 ಆದರೆ ಅಂಕಿಯೂ ಇ20ರದೇ ಇರಬೇಕು.

ಗಾಡಿ ಮಾಲೀಕರಿಗೂ ಹೇಳಬೇಕಾದದ್ದಿದೆ. ಅಳತೆ ಇಲ್ಲದ ದೂರಿಗೆ ಯಾವ ಕಚೇರಿಯಲ್ಲೂ ಬೆಲೆ ಸಿಗುವುದಿಲ್ಲ. ಡ್ಯಾಷ್‌ಬೋರ್ಡ್ ತೋರಿಸುವ ಅಂಕಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರ ಅಂದಾಜು. ಹಲವು ಗಾಡಿಗಳಲ್ಲಿ ಅದು ಶೇ 5ರಿಂದ 10ರಷ್ಟು ಹೆಚ್ಚು ತೋರಿಸುತ್ತದೆ. ನಂಬಬೇಕಾದದ್ದು ಫುಲ್ ಟ್ಯಾಂಕ್ ಲೆಕ್ಕ. ಒಂದೇ ಬಂಕ್, ಒಂದೇ ಪಂಪ್, ಗಾಡಿ ಒಂದೇ ದಿಕ್ಕಿಗೆ ನಿಲ್ಲಬೇಕು. ನಾಜಲ್ ಮೊದಲ ಸಲ ತಾನಾಗಿ ಕಟ್ ಆದಾಗ ಅಲ್ಲಿಗೇ ನಿಲ್ಲಿಸಿ, ‘ರೌಂಡ್ ಮಾಡ್ತೀನಿ ಸಾರ್’ ಎಂದು ಹುಡುಗ ಮತ್ತೆ ಒತ್ತಿದರೆ ಲೆಕ್ಕ ಕೆಟ್ಟಿತು. ಆ ಹೆಚ್ಚುವರಿ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೂ ನುಗ್ಗಿ ಅದನ್ನು ಹಾಳು ಮಾಡಬಹುದು. ಮೊದಲು ಒಮ್ಮೆ ಹೀಗೆ ತುಂಬಿಸಿ ಓಡೋಮೀಟರ್ ಬರೆದಿಟ್ಟುಕೊಳ್ಳಿ, ಆಮೇಲೆ ಹೀಗೆಯೇ ಮೂರು ಸಲ ತುಂಬಿಸಿ. ಆ ಮೂರು ಸಲ 38.4, 41.2, 36.9 ಲೀಟರ್ ಹಿಡಿಯಿತು ಎಂದುಕೊಳ್ಳಿ, ಒಟ್ಟು 116.5. ಓಡಿದ್ದು 1,478 ಕಿ.ಮೀ. ಮೈಲೇಜ್ 12.7. ಮೂರೂ ಸಲದ ಮೈಲೇಜನ್ನು ಬೇರೆ ಬೇರೆ ತೆಗೆದು ಸರಾಸರಿ ಮಾಡಬಾರದು. 100 ಕಿ.ಮೀ.ಯನ್ನು 10ರ ಮೈಲೇಜಿನಲ್ಲೂ ಇನ್ನೊಂದು 100 ಕಿ.ಮೀ.ಯನ್ನು 20ರಲ್ಲೂ ಓಡಿಸಿದರೆ ಸರಾಸರಿ 15 ಅಲ್ಲ, 13.3. ಸುಟ್ಟದ್ದು 10 ಲೀಟರ್ ಮತ್ತು 5 ಲೀಟರ್, 200 ಕಿ.ಮೀ.ಗೆ 15 ಲೀಟರ್. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜತೆ ಓಡೋಮೀಟರನ್ನು ಒಮ್ಮೆ 20 ಕಿ.ಮೀ. ತಾಳೆ ನೋಡಿ, ಟೈರ್ ಗಾತ್ರ ಬದಲಿಸಿದ್ದರಂತೂ ನೋಡಲೇಬೇಕು. ಬಂಕಿನ ಅಳತೆಯ ಮೇಲೇ ಅನುಮಾನವಿದ್ದರೆ 5 ಲೀಟರಿನ ಮುದ್ರೆಯೊತ್ತಿದ ಪಾತ್ರೆಯಲ್ಲಿ ಹಾಕಿ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. 25 ಎಂಎಲ್ ಆಚೀಚೆ ಮಾತ್ರ ನಡೆಯುತ್ತದೆ.

ಹೀಗೆ ಅಳೆದ ಮೇಲೂ ಅದೇ ಗಾಡಿಯ, ಅದೇ ಊರಿನ ಬೇರೆಯವರಿಗಿಂತ ಶೇ 15–20 ಕಡಿಮೆ ಬಂದರೆ ಆಗ ಗ್ಯಾರೇಜಿಗೆ ಹೋಗಿ. ಮೊದಲು ನೋಡಬೇಕಾದದ್ದು ಟೈರ್ ಗಾಳಿ. ಗಾಡಿ ತಣ್ಣಗಿರುವಾಗ, ಚಾಲಕರ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಬರೆದಷ್ಟು. ಈ ವರ್ಗದಲ್ಲಿ ಸಾಮಾನ್ಯವಾಗಿ 33ರಿಂದ 35 ಪಿಎಸ್‌ಐ. ಆಮೇಲೆ ಬ್ರೇಕ್. ಬ್ರೇಕ್ ಪ್ಯಾಡ್ ಅದುಮುವ ಕ್ಯಾಲಿಪರ್‌ನ ಸ್ಲೈಡ್ ಪಿನ್ ಗ್ರೀಸ್ ಒಣಗಿ ಹಿಡಿದುಕೊಂಡರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಹತ್ತು ಕಿಲೋಮೀಟರ್ ಹೆಚ್ಚು ಬ್ರೇಕ್ ಒತ್ತದೆ ಓಡಿಸಿ ಇಳಿದು ನಾಲ್ಕೂ ರಿಮ್‌ಗಳ ಹತ್ತಿರ ಅಂಗೈ ಹಿಡಿಯಿರಿ. ಒಂದು ಮಾತ್ರ ಕಾದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ, ಅದು ಎಂಜಿನ್ ತಂಪು ಮಾಡುವ ಕೂಲೆಂಟ್ ಹರಿವನ್ನು ತೆರೆದು ಮುಚ್ಚುವ ಥರ್ಮೋಸ್ಟಾಟ್. ಅದು ತೆರೆದೇ ಉಳಿದರೆ ಎಂಜಿನ್ ಹದವಾದ ಬಿಸಿಗೆ ಬರುವುದೇ ಇಲ್ಲ. ತಣ್ಣನೆಯ ಎಂಜಿನ್‌ಗೆಂದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಗಾಡಿಯ ಕಂಪ್ಯೂಟರನ್ನು ಓದುವ ಒಬಿಡಿ ಸ್ಕ್ಯಾನರ್ ಚುಚ್ಚಿ ನೋಡಿದರೆ ಹದಿನೈದು ನಿಮಿಷ ಓಡಿದ ಮೇಲೂ ಕೂಲೆಂಟ್ 70 ಡಿಗ್ರಿ ದಾಟಿರುವುದಿಲ್ಲ, ಇರಬೇಕಾದದ್ದು 85ರಿಂದ 95. ಅದೇ ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡಿಕೊಂಡಿದೆ ಎಂಬುದನ್ನು ನೋಡಿಸಿ. ಅದು ಶೇ 10ರ ಆಚೆ, ಮೇಲಕ್ಕಾಗಲಿ ಕೆಳಕ್ಕಾಗಲಿ ಹೋಗಿದ್ದರೆ ಗಾಳಿ ಸೋರಿಕೆಯೋ ಸೆನ್ಸರ್ ದೋಷವೋ ಇಂಜೆಕ್ಟರ್ ಸೋರಿಕೆಯೋ ನಿಜವಾಗಿ ಇದೆ. ಸೊನ್ನೆಯ ಆಸುಪಾಸಿನಲ್ಲಿದ್ದರೆ ಇಂಜೆಕ್ಟರ್ ಕ್ಲೀನಿಂಗ್‌ಗೆ ದುಡ್ಡು ಕೊಡಬೇಡಿ.

ಏರ್ ಫಿಲ್ಟರ್ ಕೊಳೆಯಾದರೆ ಮೈಲೇಜ್ ಬಿದ್ದುಹೋಗುತ್ತದೆ ಎಂಬ ಮಾತು ಕಾರ್ಬ್ಯುರೇಟರ್ ಕಾಲದ್ದು. ಈಗಿನ ಪೆಟ್ರೋಲ್ ಎಂಜಿನ್ ಒಳಬಂದ ಗಾಳಿಯನ್ನು ಅಳೆದೇ ಪೆಟ್ರೋಲ್ ಬಿಡುವುದರಿಂದ ಪಿಕಪ್ ಇಳಿದೀತು, ಮೈಲೇಜ್ ಅಷ್ಟಾಗಿ ಇಳಿಯುವುದಿಲ್ಲ. ಎಂಜಿನ್‌ನ ಆಯುಸ್ಸಿಗಾಗಿ ಫಿಲ್ಟರ್ ಬದಲಿಸಿ, ಮೈಲೇಜಿನ ಆಸೆಗಲ್ಲ. ಆಯಿಲ್ ಮಾತ್ರ ಪುಸ್ತಕದಲ್ಲಿ ಬರೆದದ್ದೇ ಇರಲಿ. 0ಡಬ್ಲ್ಯು-20 ಎಂಬ ತೆಳು ಆಯಿಲ್ ಬೇಡುವ ಎಂಜಿನ್‌ಗೆ ದಪ್ಪ ಆಯಿಲ್ ಸುರಿದರೆ ನಷ್ಟ ದಿನವೂ ಆಗುತ್ತದೆ.

ಶಾಲೆಗೆ ಮಕ್ಕಳನ್ನು ಬಿಟ್ಟು ಬರುವ ಮೂರು ಕಿಲೋಮೀಟರಿನ ಓಟಕ್ಕೆ ಯಾವ ಪೆಟ್ರೋಲ್ ಎಸ್‌ಯುವಿಯೂ ಒಳ್ಳೆಯ ಮೈಲೇಜ್ ಕೊಡಲಾರದು. ಎಂಜಿನ್ ಬಿಸಿಯಾಗುವ ಹೊತ್ತಿಗೆ ಮನೆ ಬಂದಿರುತ್ತದೆ. ಡೀಸೆಲ್ ಗಾಡಿಗೆ ಅದು ಇನ್ನೂ ಕೆಟ್ಟದ್ದು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಕೆಲವು ನೂರು ಕಿಲೋಮೀಟರಿಗೊಮ್ಮೆ ಹೆಚ್ಚುವರಿ ಡೀಸೆಲ್ ಸುಟ್ಟು ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತದೆ. ಅದು ಅರ್ಧದಲ್ಲಿರುವಾಗಲೇ ಕೀ ತಿರುಗಿಸಿ ಆಫ್ ಮಾಡಿದರೆ ನಾಳೆ ಮತ್ತೆ ಮೊದಲಿನಿಂದ, ಸುಟ್ಟ ಡೀಸೆಲ್ ದಂಡ, ಜತೆಗೆ ಎಂಜಿನ್ ಆಯಿಲ್‌ಗೂ ಡೀಸೆಲ್ ಇಳಿಯುತ್ತದೆ.

ಇಷ್ಟೆಲ್ಲ ಮಾಲೀಕರ ಪಾಲಿನದು. ಸಚಿವಾಲಯದ ಪಾಲಿನದು ಇದಕ್ಕಿಂತ ಸುಲಭ ಎಂದೇ ನಂಬಿದ್ದೇವೆ.

2023ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮಗಳ ಎರಡನೇ ಹಂತ ಜಾರಿಯಾಯಿತು. ಅಂದಿನಿಂದ ಕಾರುಗಳು ನಿಜವಾದ ರಸ್ತೆಯಲ್ಲಿ, ಹೊಗೆ ಕೊಳವೆಗೆ ಪೆಮ್ಸ್ ಎಂಬ ಅಳತೆಯ ಪೆಟ್ಟಿಗೆ ಕಟ್ಟಿಕೊಂಡು ಓಡಿ ಪಾಸಾಗಬೇಕು. ಆ ಪೆಟ್ಟಿಗೆ ನೈಟ್ರೋಜನ್ ಆಕ್ಸೈಡ್‌ಗಳ ಜತೆಗೆ ಇಂಗಾಲದ ಡೈಆಕ್ಸೈಡನ್ನೂ ಅಳೆಯುತ್ತದೆ. ಡೈಆಕ್ಸೈಡ್ ಗೊತ್ತಾದರೆ ಪೆಟ್ರೋಲ್ ಗೊತ್ತಾದಂತೆಯೇ, ಏಕೆಂದರೆ ಕೊಳವೆಯಿಂದ ಹೊರಬಂದ ಇಂಗಾಲವೆಲ್ಲ ಟ್ಯಾಂಕಿನಿಂದ ಬಂದದ್ದೇ. ಒಂದು ಲೀಟರ್ ಇ20 ಪೂರ್ತಿ ಉರಿದರೆ ಸುಮಾರು 2,150 ಗ್ರಾಂ ಡೈಆಕ್ಸೈಡ್. ರಸ್ತೆಯಲ್ಲಿ ಕಿ.ಮೀ.ಗೆ 150 ಗ್ರಾಂ ಬಂದಿದ್ದರೆ ಮೈಲೇಜ್ 14.3. 200 ಗ್ರಾಂ ಬಂದಿದ್ದರೆ 10.75. ಒಂದೇ ಭಾಗಾಕಾರ. ಅಂದರೆ ದೇಶದಲ್ಲಿ ಮಾರಾಟವಾಗುವ ಈ ಗಾಡಿಗಳ ರಸ್ತೆಯ ಮೈಲೇಜನ್ನು ಲೆಕ್ಕ ಹಾಕಲು ಬೇಕಾದ ಅಳತೆ ಪರೀಕ್ಷೆಯ ಕಡತಗಳಲ್ಲೇ ಹುಟ್ಟುತ್ತಿದೆ. ಜನರ ಆರೋಗ್ಯಕ್ಕೆಂದು ಮಾಡಿದ ಪರೀಕ್ಷೆಯ ಫಲ ಜನರ ಜೇಬಿಗೂ ಉಪಯೋಗವಾಗಲಿ. ಮಾದರಿವಾರು, ಎಂಜಿನ್‌ವಾರು, ಗೇರ್‌ಬಾಕ್ಸ್‌ವಾರು ಅದನ್ನು ಪ್ರಕಟಿಸಿ.

ಅದರ ಜತೆಗೆ ಪ್ರತಿ ಮಾದರಿಯ ಕೋಸ್ಟ್‌ಡೌನ್ ಅಂಕಿಗಳನ್ನೂ ಕೊಡಿ. ಗಾಡಿಯನ್ನು ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಟ್ಟು, ನಿಧಾನವಾಗುವ ಬಗೆಯಿಂದ ಗಾಳಿ ಮತ್ತು ಟೈರಿನ ತಡೆಯನ್ನು ಕಂಡುಹಿಡಿಯುತ್ತಾರೆ. ಆ ತಡೆಯನ್ನೇ ರೋಲರ್‌ಗಳ ಮೇಲೆ ಹೊಂದಿಸುತ್ತಾರೆ. ಅಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಅಮೆರಿಕದಲ್ಲಿ 2012ರಲ್ಲಿ ಹ್ಯುಂಡೈ ಮತ್ತು ಕಿಯಾ ಸುಮಾರು 9 ಲಕ್ಷ ಕಾರುಗಳ ಮೈಲೇಜ್ ಅಂಕಿಯನ್ನು ಇಳಿಸಿ ಬರೆಯಬೇಕಾಗಿ ಬಂದದ್ದು ಈ ಅಳತೆಯ ದೋಷದಿಂದಲೇ. ಗಿರಾಕಿಗಳಿಗೆ ಓಡಿದ ದೂರಕ್ಕೆ ತಕ್ಕಂತೆ ಪರಿಹಾರ ಕೊಟ್ಟರು, 2014ರಲ್ಲಿ 10 ಕೋಟಿ ಡಾಲರ್ ದಂಡವನ್ನೂ ಕಟ್ಟಿದರು. ಅಲ್ಲಿನ ಪರಿಸರ ಸಂಸ್ಥೆ ಈ ಅಂಕಿಗಳನ್ನು ಪ್ರತಿ ಮಾದರಿಗೂ ಪ್ರಕಟಿಸುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳೂ ತಾಳೆ ನೋಡುವಂತಾಗಲಿ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಯುರೋಪಿನಲ್ಲಿ 2021ರಿಂದ ಎಲ್ಲ ಹೊಸ ಕಾರುಗಳಲ್ಲೂ ಆಯುಷ್ಯವಿಡೀ ಸುಟ್ಟ ಇಂಧನ ಮತ್ತು ಓಡಿದ ದೂರವನ್ನು ಗಾಡಿಯೇ ನೆನಪಿಟ್ಟುಕೊಳ್ಳಬೇಕು ಎಂಬ ನಿಯಮವಿದೆ. ಸರ್ವಿಸ್‌ಗೆ ಬಂದಾಗ ಒಬಿಡಿ ಸಾಕೆಟ್‌ನಿಂದ ಓದಬಹುದು. ಆ ಲೆಕ್ಕವನ್ನು ಸೇರಿಸಿ ಯುರೋಪಿಯನ್ ಆಯೋಗ 2024ರಲ್ಲಿ ವರದಿ ಕೊಟ್ಟಿತು: ರಸ್ತೆಯಲ್ಲಿ ಪೆಟ್ರೋಲ್ ಕಾರುಗಳು ಪ್ರಮಾಣಪತ್ರಕ್ಕಿಂತ ಶೇ 23.7, ಡೀಸೆಲ್ ಕಾರುಗಳು ಶೇ 18.1 ಹೆಚ್ಚು ಸುಡುತ್ತಿವೆ. ಅವರದು ನಮ್ಮದಕ್ಕಿಂತ ಕಠಿಣವಾದ ಪರೀಕ್ಷೆ, ನಮ್ಮದಕ್ಕಿಂತ ಸರಾಗವಾದ ಸಂಚಾರ. ಅಷ್ಟಿದ್ದೂ ಇಷ್ಟು ಅಂತರ. ಎಮಿಷನ್ ಟೆಸ್ಟಿಗೆ ಪ್ರತಿ ವಾಹನವೂ ಹೋಗುವ ನಮ್ಮ ದೇಶದಲ್ಲಿ, ಹೆಸರು ನಂಬರ್ ಇಲ್ಲದೆ ಆ ಎರಡು ಅಂಕಿಗಳನ್ನು ಅಲ್ಲೇ ಓದಿ ಸೇರಿಸುವುದು ಆಗದ ಕೆಲಸವೇನಲ್ಲ.

ಇದರಿಂದ ಮನೆಯವರಿಗೆ ಏನು ಲಾಭ ಎಂದು ಯಾರಾದರೂ ಕೇಳಿದರೆ, ಪೆಟ್ರೋಲೋ ಡೀಸೆಲ್ಲೋ ಎಂಬ ತೀರ್ಮಾನವನ್ನೇ ತೆಗೆದುಕೊಳ್ಳಿ. ವರ್ಷಕ್ಕೆ 12,000 ಕಿ.ಮೀ., ಲೆಕ್ಕಕ್ಕೆ ಪೆಟ್ರೋಲ್ 100 ರೂಪಾಯಿ, ಡೀಸೆಲ್ 90, ಡೀಸೆಲ್ ಗಾಡಿಗೆ ಒಂದೂವರೆ ಲಕ್ಷ ಹೆಚ್ಚು ಎಂದು ಹಿಡಿಯಿರಿ. ಬ್ರೋಷರಿನ 17.4 ಮತ್ತು 21.8ರ ಪ್ರಕಾರ ವರ್ಷದ ಖರ್ಚು 69,000 ಮತ್ತು 49,500. ಒಂದೂವರೆ ಲಕ್ಷ ವಾಪಸು ಬರಲು ಏಳೂಮುಕ್ಕಾಲು ವರ್ಷ, ಬೇಡವೇ ಬೇಡ ಅನಿಸುತ್ತದೆ. ನಗರದಲ್ಲಿ ಪೆಟ್ರೋಲ್ 11, ಡೀಸೆಲ್ 14.5 ಕೊಡುತ್ತದೆ ಎಂದಾದರೆ ಖರ್ಚು 1,09,000 ಮತ್ತು 74,500. ನಾಲ್ಕು ವರ್ಷ ಚಿಲ್ಲರೆಗೇ ವಾಪಸು. ಮೂರು ಕಿಲೋಮೀಟರಿನ ಶಾಲೆ ಓಟದವರಿಗೆ ಮೇಲೆ ಹೇಳಿದ ಡಿಪಿಎಫ್ ಕಾರಣಕ್ಕೆ ಡೀಸೆಲ್ ಆಗಲೂ ಬೇಡ. ದಿನಾ 40 ಕಿ.ಮೀ. ಟ್ರಾಫಿಕ್ಕಿನಲ್ಲಿ ನರಳುವವರಿಗೆ ಹೈಬ್ರಿಡ್ ನೋಡಬೇಕು, ಏಕೆಂದರೆ ಬ್ರೇಕಿನಲ್ಲಿ ಹೋಗುವ ಶಕ್ತಿಯನ್ನು ಹಿಡಿದಿಟ್ಟು, ನಿಂತಾಗ ಎಂಜಿನ್ ಆರಿಸಿ ಅದು ಗೆಲ್ಲುವುದು ನಗರದಲ್ಲೇ. 100ರ ವೇಗದ ಹೆದ್ದಾರಿಯಲ್ಲಿ ಆ ಲಾಭ ಕರಗುತ್ತದೆ. 27.97 ಎಂಬ ಒಂಟಿ ಅಂಕಿ ಈ ಯಾವುದನ್ನೂ ಹೇಳುವುದಿಲ್ಲ. ಹತ್ತಿಪ್ಪತ್ತು ಲಕ್ಷ ಸಾಲ ಮಾಡಿ ಗಾಡಿ ಕೊಳ್ಳುವ ಕುಟುಂಬ ಐದಾರು ವರ್ಷ ಕಂತು ಕಟ್ಟುತ್ತದೆ. ತಪ್ಪು ಎಂಜಿನ್ ಆಯ್ದುಕೊಂಡರೆ ಅದರ ಬೆಲೆಯನ್ನು ಬಂಕಿನಲ್ಲಿ ವಾರವಾರವೂ ತೆರುತ್ತದೆ.

ಆದ್ದರಿಂದ ಶೋರೂಮಿನ ಪ್ರತಿ ಗಾಡಿಯ ಮುಂದಿನ ಗಾಜಿಗೂ ಅಂಗೈ ಅಗಲದ ಒಂದು ಚೀಟಿ ಕಡ್ಡಾಯ ಮಾಡಿ. ಅದರಲ್ಲಿ ಎಸಿ ಹಾಕಿದಾಗಿನ ನಗರದ ಅಂಕಿ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿರಲಿ. ಅದರ ಕೆಳಗೆ 100ರ ವೇಗದ ಹೆದ್ದಾರಿಯದು, ಪೆಮ್ಸ್ ಅಳೆದ ರಸ್ತೆಯದು, ಅಳೆದ ಇಂಧನದ ಹೆಸರು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದರ ಜತೆಗೆ 100 ಕಿ.ಮೀ.ಗೆ ಎಷ್ಟು ಲೀಟರ್ ಎಂದೂ ಬರೆಸಿ. 10ರಿಂದ 12ಕ್ಕೆ ಏರಿದ ಗಾಡಿ ಸಾವಿರ ಕಿಲೋಮೀಟರಿಗೆ 16.7 ಲೀಟರ್ ಉಳಿಸುತ್ತದೆ, 20ರಿಂದ 25ಕ್ಕೆ ಏರಿದ್ದು 10 ಲೀಟರ್ ಮಾತ್ರ. ಕಿಲೋಮೀಟರಿನ ಲೆಕ್ಕದಲ್ಲಿ ಇದು ತಲೆಕೆಳಗಾಗಿ ಕಾಣುತ್ತದೆ, ಲೀಟರಿನ ಲೆಕ್ಕದಲ್ಲಿ ನೇರವಾಗಿ ಕಾಣುತ್ತದೆ. ಚೀಟಿ ಆಯಾ ರಾಜ್ಯದ ಭಾಷೆಯಲ್ಲೂ ಇರಲಿ. ಕರ್ನಾಟಕದಲ್ಲಿ ಮಾರುವ ಗಾಡಿಯ ಮೇಲೆ ಕನ್ನಡದಲ್ಲಿರಲಿ, ಅಕ್ಷರದ ಗಾತ್ರ ಬೆಲೆಪಟ್ಟಿಯ ಅಕ್ಷರಕ್ಕಿಂತ ಚಿಕ್ಕದಾಗದಿರಲಿ.

ಇಂತಿ,
ವಾಹನ ರಿಪೇರಿ ಮತ್ತು ಟ್ಯೂನಿಂಗ್ ಕಸುಬಿನವರು,
ಬೆಂಗಳೂರು